ಹೆಲ್ಮೆಟ್ಟಿನೊಳಗಿನ ಮೊಟ್ಟೆ

ಕುಮಾರಸ್ವಾಮಿಯ ಹೆಲ್ಮೆಟ್ಟಿನಲ್ಲಿ ಕೋಳಿ ಕೂತಿತ್ತು.

ಬೆಳಿಗ್ಗೆ ಒಂಬತ್ತು ಗಂಟೆ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಕುಮಾರಸ್ವಾಮಿ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಗರಿಗರಿ ಬಿಳಿ ಶರಟು ತೊಟ್ಟು ಜಗಲಿಗೆ ಬಂದರು. ಮೂಲೆಯಲ್ಲಿ ಅಂಗಾತ ಇಟ್ಟಿದ್ದ ಹೆಲ್ಮೆಟ್ಟಿನೊಳಗೆ ಕಂದು ಬಣ್ಣದ ಹೇಂಟೆಯೊಂದು, ಮದುವೆ ಮನೆಯಲ್ಲಿ ಕುರ್ಚಿ ಹಿಡಿದ ಬೀಗತಿಯ ಹಾಗೆ, ಏಳುವ ಯೋಚನೆಯೇ ಇಲ್ಲದೆ ಕೂತಿತ್ತು.

ಹನ್ನೊಂದು ಗಂಟೆಗೆ ಜಾವಗಲ್‌ನಲ್ಲಿ ಅವರ ಭಾಷಣ. ಆಹ್ವಾನಪತ್ರದಲ್ಲಿ ಹೆಸರು ಅಚ್ಚಾಗಿದ್ದು ಜನ್ಮದಲ್ಲಿ ಇದೇ ಮೊದಲು. ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಸಮಿತಿಯವರು ಕರೆದಿದ್ದರು. ಅದರ ಅಧ್ಯಕ್ಷ ನಂಜಪ್ಪನವರು ಈ ಸಲ ಹೊಸ ಕಾರ್ಯದರ್ಶಿಯನ್ನು ಹುಡುಕುತ್ತಿದ್ದಾರೆಂಬುದು ಕುಮಾರಸ್ವಾಮಿಯ ಕಿವಿಗೂ ಬಿದ್ದಿತ್ತು. ವಿಷಯ: ‘ದಿನನಿತ್ಯದ ಬದುಕಿನಲ್ಲಿ ನಿಯಮಗಳು’. ನೀತಿಯ ನಿಯಮ, ಕಾನೂನಿನ ನಿಯಮ, ಸಮಾಜದ ನಿಯಮ, ಧರ್ಮದ ನಿಯಮ. ‘ಯಾವುದು ಯಾವುದೆಂದು ಬಿಡಿಸಿ ನೋಡಬಲ್ಲವನಿಗೆ ಗೊಂದಲವೇ ಇಲ್ಲ’ ಎಂಬ ಮೊದಲ ಸಾಲನ್ನು ಎಂಟು ದಿನ ಕನ್ನಡಿಯ ಮುಂದೆ ಉರು ಹೊಡೆದಿದ್ದರು.

“ಹುಶ್! ಏಳು! ಹುಶ್!”

ಕೋಳಿ ಅವರ ಕಿರುಬೆರಳನ್ನು ಒಮ್ಮೆ ಕುಕ್ಕಿ, ಇಡೀ ಬೀದಿಗೆ ಕೇಳುವಂತೆ ಕೂಗಿಕೊಂಡು ಹಾರಿಹೋಯಿತು. ಹೆಲ್ಮೆಟ್ಟಿನ ತಳದಲ್ಲಿ ಒಂದು ಮೊಟ್ಟೆ ಬೆಚ್ಚಗೆ ಮಲಗಿತ್ತು.

ಕುಮಾರಸ್ವಾಮಿ ಎರಡು ಹೆಜ್ಜೆ ಹಿಂದೆ ಸರಿದರು. ಮೊಟ್ಟೆ ಮುಟ್ಟುವುದಿರಲಿ, ಆ ಪದವನ್ನೂ ಅವರ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡಿದವರಲ್ಲ.

ಕೂಗು ಕೇಳಿ ಹೆಂಡತಿ ಪ್ರತಿಮಾ ಓಡಿ ಬಂದಳು. ಹೆಲ್ಮೆಟ್ ನೋಡಿದ್ದೇ ಅವಳ ಮುಖ ಬಿಳುಚಿತು.

“ಅಯ್ಯೋ, ಇಲ್ಲಿ ಇಟ್ಟುಬಿಡ್ತಾ! ಕೊಡ್ರೀ ಇಲ್ಲಿ, ನಾನ್ ನೋಡ್ಕೋತೀನಿ. ನೀವು ಹೊರಡಿ.”

“ನೀನು? ನೀನು ಮುಟ್ತೀಯಾ ಇದನ್ನ? ಸ್ನಾನ ಆಗೈತೆ ಕಣೇ ನಿಂದು! ಹೊಸಿಲು ದಾಟಿ ಒಳಕ್ಕೆ ಬರಕೂಡದು ಇದು.”

“ಹಿತ್ತಲಿಗೆ ತಗೊಂಡೋಗಿ…”

“ಹಿತ್ತಲೂ ನಮ್ಮನೇದೇ ಅಲ್ವೇನೇ?”

ಆ ಬೀದಿಯಲ್ಲಿ ಕೋಳಿ ಸಾಕುವವಳು ಮೂರನೆಯ ಮನೆಯ ಮರಿಯಮ್ಮ ಒಬ್ಬಳೇ. ಕುಮಾರಸ್ವಾಮಿ ಹೆಲ್ಮೆಟ್ಟನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಹೋದರು. ಬಾಗಿಲಿಗೆ ಬೀಗ.

“ಕಣಕಟ್ಟೆಗೆ ಹೋದ್ಲು ಕಣೋ, ಅವ್ರಕ್ಕನ ಮನೆಗೆ. ಸಂಜೆಗೇ ಬರಾದು,” ಎಂದರು ಎದುರು ಮನೆಯ ಬಸಮ್ಮಜ್ಜಿ, ಕಣ್ಣು ಕಿರಿದು ಮಾಡಿ. “ಅದೇನ್ಲಾ ಕುಮಾರ ಅದು? ಮೊಟ್ಟೆನಾ? ಶಿವಶಿವಾ! ಪೂಜೆ ಮಾಡಿದ್ ಕೈಯಲ್ಲಿ! ನಿಮ್ಮಪ್ಪ ಇದ್ದಿದ್ರೆ ಏನಂತಿದ್ದ?”

“ನಾನು ಮುಟ್ಟಿಲ್ಲ ಅಜ್ಜಿ, ಹೆಲ್ಮೆಟ್ಟು ಮುಟ್ಟಿರೋದು. ಇಲ್ಲೇ ಬಾಗಿಲಲ್ಲಿ ಇಟ್ಟು ಹೋಗ್ತೀನಿ.”

“ಇಡಬೇಡಿ, ಇಡಬೇಡಿ!” ಹಲ್ಲುಜ್ಜುತ್ತಲೇ ಗೇಟಿಗೆ ಬಂದ ನಟರಾಜ್ ಕೈಯೆತ್ತಿ ತಡೆದ. ಅವನು ಕೋರ್ಟಿನಲ್ಲಿ ಗುಮಾಸ್ತ. ನ್ಯಾಯಾಧೀಶರಿಗಿಂತ ತನಗೇ ಕಾನೂನು ಜಾಸ್ತಿ ಗೊತ್ತೆಂದು ನಂಬಿದವನು. “ಮಾಲು ನಿಮ್ಮ ಸುಪರ್ದಿಗೆ ಬಂದಾಯ್ತು ಸಾರ್. ಈಗ ನೀವಿಲ್ಲಿ ಇಟ್ಟು, ನಾಯಿ ತಿಂದರೆ ಜವಾಬ್ದಾರಿ ಯಾರದು? ನಿಮ್ದು. ಮರಿಯಮ್ಮ ಸುಮ್ನಿರೋ ಹೆಂಗಸಲ್ಲ. ಹೋದ ವರ್ಷ ಒಂದು ಕೋಳಿ ಪಿಳ್ಳೆಗೋಸ್ಕರ ಸ್ಟೇಷನ್ ಮೆಟ್ಟಿಲು ಹತ್ತಿದ್ಲು.”

“ಹಂಗಾದ್ರೆ ಗಿಡದ ಬುಡಕ್ಕೆ ಮೆಲ್ಲಗೆ ಉರುಳಿಸಿ, ಹೆಲ್ಮೆಟ್ಟು ಹಾಕ್ಕೊಂಡು ಹೋಗ್ಲಾ?”

“ಒಡೆದ್ರೆ?”

“ಹೆಲ್ಮೆಟ್ ಇಲ್ಲದೆ ಸ್ಕೂಟರಲ್ಲಿ ಹೋದ್ರೆ?”

“ಸರ್ಕಲ್ಲಲ್ಲಿ ಪೊಲೀಸ್ನೋರು ನಿಂತವ್ರೆ. ನಿಯಮದ ಬಗ್ಗೆ ಭಾಷಣ ಮಾಡೋಕೆ ಹೋಗೋರು ದಂಡ ಕಟ್ಟಿ ಹೋಗ್ತೀರಾ?”

ಪ್ರತಿಮಾ ಮತ್ತೆ ಬಂದು ಸೆರಗಿನಲ್ಲಿ ಕೈ ಮುಚ್ಚಿಕೊಂಡು, “ನಾನ್ ಇಟ್ಕೋತೀನಿ ಅಂದ್ನಲ್ರೀ,” ಎಂದು ಪಿಸುಗುಟ್ಟಿದಳು. ಬಸಮ್ಮಜ್ಜಿಗೆ ದೂರದ್ದು ಚೆನ್ನಾಗಿಯೇ ಕೇಳುತ್ತಿತ್ತು. “ಏನು? ಸಾವ್ಕಾರ್ರ ಮನೆಯೊಳಗೆ ಮೊಟ್ಟೆ ಇಟ್ಕೋತಾಳಂತಾ? ಆಮೇಲೆ ನಿಮ್ಮನೇಲಿ ಯಾರು ನೀರು ಕುಡೀತಾರೆ?” ಎಂದು ಇಡೀ ಬೀದಿಗೇ ಪ್ರಶ್ನೆ ಹಾಕಿದರು.

ಒಳಗೆ ಇಡಲು ಧರ್ಮ ಬಿಡದು, ಹೊರಗೆ ಇಡಲು ನೀತಿ ಬಿಡದು, ಸ್ಕೂಟರ್ ಹತ್ತಲು ಕಾನೂನು ಬಿಡದು, ಹೆಂಡತಿಗೆ ಕೊಡಲು ಬೀದಿ ಬಿಡದು. ಗಂಟೆ ಒಂಬತ್ತೂಮುಕ್ಕಾಲು. ಕುಮಾರಸ್ವಾಮಿ ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಬಸ್ಸಿನಲ್ಲಿ ಸೀಟಿರಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹೆಲ್ಮೆಟ್. ಪ್ರತಿ ತಿರುವಿನಲ್ಲೂ ಬಸ್ಸು ಎಡಕ್ಕೆ ವಾಲಿದರೆ ಅವರು ಬಲಕ್ಕೆ ವಾಲುತ್ತಿದ್ದರು.

“ಯಜಮಾನ್ರೇ, ನಮ್ ಡ್ರೈವರ್ ಮೇಲೆ ಅಷ್ಟೊಂದು ಅನುಮಾನನಾ?” ಎಂದ ಕಂಡಕ್ಟರ್. “ಬಸ್ಸಿಗೂ ಹೆಲ್ಮೆಟ್ ತಂದಿದ್ದೀರಲ್ಲ!”

ಬಸ್ಸೆಲ್ಲ ನಕ್ಕಿತು. ಕಿಟಕಿ ಪಕ್ಕ ಕೂತಿದ್ದ ಹೆಂಗಸೊಬ್ಬಳು ಕನಿಕರದಿಂದ, “ಕೊಡಿ ಅಣ್ಣ, ತೊಡೆ ಮೇಲೆ ಇಟ್ಕೋತೀನಿ,” ಎಂದು ಕೈ ಚಾಚಿ ಒಳಗೆ ಇಣುಕಿದಳು. ಇಣುಕಿದವಳು ಹಣೆಯ ವಿಭೂತಿಯನ್ನೊಮ್ಮೆ, ಮೊಟ್ಟೆಯನ್ನೊಮ್ಮೆ ನೋಡಿ, ಕೈ ಹಿಂದಕ್ಕೆಳೆದುಕೊಂಡು ಜಾವಗಲ್ ಬರುವವರೆಗೂ ಕಿಟಕಿಯಾಚೆಯ ತೆಂಗಿನ ಮರಗಳನ್ನೇ ನೋಡುತ್ತ ಕೂತಳು.

ಸಭಾಂಗಣ ಮುಟ್ಟುವಾಗ ಹನ್ನೊಂದು ಕಾಲು. ನೂರಿಪ್ಪತ್ತು ಹುಡುಗಿಯರು ಸಾಲಾಗಿ ಕೂತಿದ್ದರು. ವೇದಿಕೆಯ ಮೇಲೆ ನಂಜಪ್ಪನವರು ತಲೆಗೆ ಬಿಳಿ ಟೋಪಿ ಹಾಕಿ, ಗಡಿಯಾರ ನೋಡುತ್ತಿದ್ದರು. ಕುಮಾರಸ್ವಾಮಿ ಹೆಲ್ಮೆಟ್ಟನ್ನು ಮೇಜಿನ ಮೇಲೆ ಮೆಲ್ಲಗೆ ಇಳಿಸಿ, ಬೀಳದಂತೆ ಎರಡೂ ಕಡೆ ಹೂಗುಚ್ಛ ಒತ್ತರಿಸಿ, ಮೇಲೆ ತಮ್ಮ ಕರವಸ್ತ್ರ ಹೊದಿಸಿದರು.

“ಯಾವುದು ಯಾವುದೆಂದು ಬಿಡಿಸಿ ನೋಡಬಲ್ಲವನಿಗೆ ಗೊಂದಲವೇ ಇಲ್ಲ,” ಎಂದು ಶುರು ಮಾಡಿದರು. ಚಪ್ಪಾಳೆ ಬಿತ್ತು. ಧೈರ್ಯ ಬಂತು. “ಯಾರೂ ನೋಡದಿದ್ದರೂ ತಪ್ಪು ಮಾಡದಿರುವುದು ನೀತಿ. ಪೊಲೀಸರು ನೋಡಿದಾಗ ತಪ್ಪು ಮಾಡದಿರುವುದು… ಅಲ್ಲ, ನೋಡದಿದ್ದರೂ ದಂಡ ಬೀಳುವುದು ಕಾನೂನು. ಉದಾಹರಣೆಗೆ, ನಾವು ದ್ವಿಚಕ್ರ ವಾಹನದಲ್ಲಿ…”

“ಆಹಾ!” ಎಂದು ನಂಜಪ್ಪನವರು ಎದ್ದೇಬಿಟ್ಟರು. “ನೋಡಿ ಮಕ್ಕಳೇ, ಉದಾಹರಣೆ ಸಮೇತ ಬಂದವ್ರೆ! ಅದಕ್ಕೇ ನಾನು ಆಗಿಂದ ಯೋಚ್ನೆ ಮಾಡ್ತಿದ್ದೆ, ಹೆಲ್ಮೆಟ್ ಯಾಕೆ ಮೇಜಿನ ಮೇಲೆ ಅಂತ!” ಕರವಸ್ತ್ರ ತೆಗೆದು, ಹೆಲ್ಮೆಟ್ಟನ್ನು ಪೇಟದಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹತ್ತಿರ ಬಂದರು. ದೃಷ್ಟಿಯೆಲ್ಲ ಫೋಟೋ ತೆಗೆಯುವವನ ಮೇಲೆ.

“ಬೇಡ ಸ್ವಾಮೀ! ಒಳಗೆ…”

“ಒಳಗೆ ತಲೆ ಇರಬೇಕು, ಅಷ್ಟೇ ತಾನೇ?” ಎಂದು ಕುಮಾರಸ್ವಾಮಿಯ ತಲೆಗೆ ಬೋರಲು ಹಾಕಿ, ನೆತ್ತಿಯ ಮೇಲೆ ಎರಡು ಸಲ ತಟ್ಟಿ ಕೂರಿಸಿದರು.

ಚರಕ್ ಎಂಬ ಸಣ್ಣ ಸದ್ದು ಕೇಳಿಸಿದ್ದು ಒಬ್ಬರಿಗೇ.

ತಂಪಾಗಿ ಏನೋ ನೆತ್ತಿಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಕಾಲರಿನೊಳಕ್ಕೆ ಇಳಿಯಿತು. ಕುಮಾರಸ್ವಾಮಿ ಕಣ್ಣು ಮುಚ್ಚಿ ಶಿವನನ್ನು ನೆನೆದರು. ತೆಗೆದರೆ ನೂರಿಪ್ಪತ್ತು ಹುಡುಗಿಯರಿಗೆ ಕಾಣುತ್ತದೆ. ತೆಗೆಯಲಿಲ್ಲ. ಉಳಿದ ಅರ್ಧ ಗಂಟೆ, ಸಮಾಜದ ನಿಯಮ, ಧರ್ಮದ ನಿಯಮ ಎರಡನ್ನೂ ಹೆಲ್ಮೆಟ್ ಹಾಕಿಕೊಂಡೇ ಮುಗಿಸಿದರು. ದನಿ ಬಾವಿಯೊಳಗಿಂದ ಬಂದಂತಿತ್ತು. ಹುಡುಗಿಯರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ನಂಜಪ್ಪನವರ ಕಣ್ಣಲ್ಲಿ ಮಾತ್ರ ನೀರು. ಊಟಕ್ಕೆ ಕರೆದರೆ, “ಇವತ್ತು ಉಪವಾಸ,” ಎಂದರು ಕುಮಾರಸ್ವಾಮಿ.

“ಇಂಥ ನಿಷ್ಠೆ ನಾನೆಲ್ಲೂ ಕಂಡಿಲ್ಲ,” ಎಂದರು ನಂಜಪ್ಪನವರು. “ನಾನೂ ಅರಸೀಕೆರೆ ಕಡೆಗೇ ಹೊರಟಿದ್ದೀನಿ. ಬನ್ನಿ, ಕಾರಲ್ಲಿ ಬಿಡ್ತೀನಿ. ಕಾರ್ಯದರ್ಶಿ ವಿಷಯಾನೂ ಮಾತಾಡೋಣ.”

ಕಾರಿನಲ್ಲೂ ಹೆಲ್ಮೆಟ್ ಇಳಿಯಲಿಲ್ಲ. ಅಷ್ಟರಲ್ಲಿ ಮೊಟ್ಟೆ ಒಣಗಿ ಹೆಲ್ಮೆಟ್ಟು ತಲೆಗೆ ಅಂಟಿಕೊಂಡಿತ್ತು. “ಸೀಟ್ ಬೆಲ್ಟ್ ಜೊತೆಗೆ ಇದೂ!” ಎಂದು ನಂಜಪ್ಪನವರು ಡ್ರೈವರಿಗೆ ತೋರಿಸಿ ತೋರಿಸಿ ಹೊಗಳಿದರು. ಊರು ಹತ್ತಿರವಾಗುವಷ್ಟರಲ್ಲಿ ಕಾರ್ಯದರ್ಶಿ ಸ್ಥಾನ ಮುಕ್ಕಾಲು ಪಾಲು ಕುಮಾರಸ್ವಾಮಿಯದೇ ಆಗಿತ್ತು.

ದಾರಿಯುದ್ದಕ್ಕೂ ನಂಜಪ್ಪನವರ ಕೆಲಸಗಳಿಗೆ ನಿಂತು ನಿಂತು ಬೀದಿಗೆ ಕಾರು ಬಂದಾಗ ಸಂಜೆಯ ಬಿಸಿಲು. ಮರಿಯಮ್ಮ ಊರಿಂದ ಬಂದು, ಬೀಗದ ಕೈ ಹುಡುಕುತ್ತ ಬಾಗಿಲಲ್ಲಿ ನಿಂತಿದ್ದಳು. ಬಸಮ್ಮಜ್ಜಿ ಜಗಲಿಯಲ್ಲಿ, ನಟರಾಜ್ ಗೇಟಿನಲ್ಲಿ, ಪ್ರತಿಮಾ ತಮ್ಮ ಮನೆಯ ಬಾಗಿಲಲ್ಲಿ.

ಸುಮ್ಮನೆ ಒಳಗೆ ಹೋಗಿ ತಲೆ ತೊಳೆದುಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಯಾರೂ ನೋಡದಿದ್ದರೂ ತಪ್ಪು ಮಾಡದಿರುವುದು ನೀತಿ ಎಂದು ಬೆಳಿಗ್ಗೆಯಷ್ಟೇ ಮೈಕಿನಲ್ಲಿ ಹೇಳಿ ಬಂದಿದ್ದರು. ಕಾರಿನಿಂದಿಳಿದು ಮರಿಯಮ್ಮನ ಮುಂದೆ ನಿಂತು, ಎರಡೂ ಕೈಯಿಂದ ಹೆಲ್ಮೆಟ್ಟನ್ನು ಕಿತ್ತರು. ಹತ್ತಿಪ್ಪತ್ತು ಕೂದಲೂ ಜೊತೆಗೇ ಬಂದವು. ನೆತ್ತಿಯ ಮೇಲೆ ಹಳದಿ ಹಕ್ಕಳೆ, ಅದರಲ್ಲಿ ಸಿಪ್ಪೆಯ ಚೂರು.

“ಮರಿಯಮ್ಮ, ತಪ್ಪಾಯ್ತು. ನಿಮ್ಮ ಕೋಳಿ ನಮ್ಮ ಹೆಲ್ಮೆಟ್ಟಲ್ಲಿ ಮೊಟ್ಟೆ ಇಟ್ಟಿತ್ತು. ಜೋಪಾನವಾಗಿ ತಂದು ಕೊಡೋಣ ಅಂತಿದ್ದೆ. ನನ್ನ ತಲೆ ಮೇಲೆ ಒಡೆದೋಯ್ತು.”

ಕಾರಿನೊಳಗಿನ ನಂಜಪ್ಪನವರ ಬಾಯಿ ತೆರೆದೇ ಇತ್ತು.

ಮರಿಯಮ್ಮ ಕೂಗಾಡಲಿಲ್ಲ. ಮೂಗಿನ ಮೇಲೆ ಬೆರಳಿಟ್ಟು ನಕ್ಕಳು.

“ಅಯ್ಯೋ ಕುಮಾರಣ್ಣ, ಅದಕ್ಯಾಕೆ ನನ್ನತ್ರ ತಪ್ಪಾಯ್ತು ಅಂತೀರಾ? ಆ ಕೆಂದ ಹೇಂಟೆ ನಂದಲ್ಲ, ನಿಮ್ದೇ! ಪ್ರತಿಮಕ್ಕ ತಗಂಡು ಮೂರು ತಿಂಗ್ಳಾಯ್ತು. ಮೇಯಾದು ಮಾತ್ರ ನಮ್ಮನೇಲಿ. ಮೊಟ್ಟೆ ಇಟ್ಟಂಗಿಟ್ಟಂಗೆ ಹಿತ್ತಲ ಬಾಗ್ಲಲ್ಲಿ ಕೊಟ್ಟು ಬತ್ತೀನಿ.”

ಕುಮಾರಸ್ವಾಮಿ ನಿಧಾನವಾಗಿ ಹೆಂಡತಿಯತ್ತ ತಿರುಗಿದರು.

ಪ್ರತಿಮಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. “ತಿನ್ನೋಕಲ್ಲ ಕಣ್ರೀ, ಆಣೆಗೂ! ನೀವೇ ತಾನೇ ನೆತ್ತಿ ಬೋಳಾಗ್ತಿದೆ ಅಂತ ಕೊರಗ್ತಿದ್ದಿದ್ದು? ಭಾನುವಾರ ಭಾನುವಾರ ನಿಮ್ ತಲೆಗೆ ಹಚ್ತೀನಲ್ಲ, ಆಯುರ್ವೇದದ ಲೇಪ… ಅದು ಇದೇ. ಮೇಲೊಂದಿಷ್ಟು ಮೆಂತ್ಯದ ಪುಡಿ, ಅಷ್ಟೇ.”

ಮೂರು ತಿಂಗಳ ಭಾನುವಾರಗಳೆಲ್ಲ ಕುಮಾರಸ್ವಾಮಿಯ ನೆತ್ತಿಯ ಮೇಲೆ ಒಟ್ಟಿಗೇ ತಣ್ಣಗೆ ಇಳಿದಂತಾಯಿತು. ಲೇಪ ಹಚ್ಚಿಕೊಂಡು ಜಗಲಿಯಲ್ಲಿ ಕೂತು, ನಮ್ಮ ಹಿರಿಯರ ಆಯುರ್ವೇದ ಎಂಥದ್ದು ಎಂದು ಇದೇ ನಟರಾಜನಿಗೆ ಅವರು ಪಾಠ ಹೇಳಿದ್ದರು.

“ಹಂಗಾದ್ರೆ ಮಾಲು ನಿಮ್ದೇ ಸಾರ್. ನಿಮ್ ಮೊಟ್ಟೆ, ನಿಮ್ ಹೆಲ್ಮೆಟ್ಟು, ನಿಮ್ ತಲೆ. ಕೇಸೇ ಇಲ್ಲ,” ಎಂದ ನಟರಾಜ್, ಸ್ವಲ್ಪ ನಿರಾಸೆಯಿಂದ. ಬಸಮ್ಮಜ್ಜಿ ಎದ್ದು, ಪಕ್ಕದ ಬೀದಿಯ ಕಡೆ ಬಿರಬಿರನೆ ನಡೆದರು. ಸುದ್ದಿ ಆರುವುದರೊಳಗೆ ಹಂಚಬೇಕಿತ್ತು.

ನಂಜಪ್ಪನವರು ಗಂಟಲು ಸರಿಮಾಡಿಕೊಂಡರು. “ಕುಮಾರಸ್ವಾಮಿಯೋರೆ, ನಿಮ್ಮ ಸತ್ಯ ಮೆಚ್ಚಬೇಕಾದ್ದೇ. ಆದ್ರೆ ಕೋಳಿ ಇಟ್ಕೊಂಡಿರೋ ಮನೆಯೋರು ಕಾರ್ಯದರ್ಶಿ ಅಂದ್ರೆ ಸಮಾಜ ಒಪ್ಪಲ್ಲ. ಈ ಸಲಕ್ಕೆ ಬೇಡ ಬಿಡಿ.”

ಕಾರು ಹೊರಟಿತು. ಬೀದಿಯ ತುದಿಯವರೆಗೂ ಹೋಗಿ ನಿಂತಿತು. ಹಾಗೇ ಹಿಂದಕ್ಕೆ ಬಂತು. ಕಿಟಕಿಯ ಗಾಜು ಇಳಿಯಿತು. ಒಂದು ಬೆರಳು ಕರೆಯಿತು. ಮನಸ್ಸು ಬದಲಾಯಿಸಿದರೇನೋ ಎಂದು ಕುಮಾರಸ್ವಾಮಿ ಆಸೆಯಿಂದ ಬಗ್ಗಿದರು.

ನಂಜಪ್ಪನವರು ಆಚೀಚೆ ನೋಡಿ, ಟೋಪಿಯನ್ನು ತುಸು ಎತ್ತಿದರು. ಒಳಗೆ ನೆತ್ತಿ ಸುಲಿದ ಕೊಬ್ಬರಿ ಗಿಟುಕಿನಂತೆ ನುಣ್ಣಗಿತ್ತು.

“ನಿಜ ಹೇಳಿ,” ಎಂದರು ಪಿಸುದನಿಯಲ್ಲಿ, ಕುಮಾರಸ್ವಾಮಿಯ ನೆತ್ತಿಯನ್ನು ದಿಟ್ಟಿಸುತ್ತ. “ಬಂದವಾ?”

“ಸ್ವಲ್ಪ ಬಂದಿದ್ದವು ಸ್ವಾಮಿ. ಈಗ ಹೆಲ್ಮೆಟ್ಟಿನ ಜೊತೆ ಹೋದವು.”

“ಪರವಾಗಿಲ್ಲ. ಭಾನುವಾರ ಬೆಳಿಗ್ಗೆ ಎರಡು ತಂದ್ಬಿಡಿ. ಸ್ಕೂಟರಲ್ಲಿ ಬೇಡ, ಒಡೆದೋಗ್ತವೆ. ಬಸ್ಸಲ್ಲೇ ಬನ್ನಿ.”