ಬಸ್ಸು ತಿರುಗಿಸುವ ಜಾಗ

ಚಂದ್ರಶೇಖರನ ಬಲ ಮಂಡಿ ಕೈಕೊಟ್ಟದ್ದೇ ಎಲ್ಲದಕ್ಕೂ ಮೂಲ. ಮೂಡಿಗೆರೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದ ಅವನು ದಿನಾ ಎರಡು ಕಿಲೋಮೀಟರ್ ಗುಡ್ಡ ಇಳಿದು, ಕೊನೆಯ ಸ್ಟಾಪಾದ ಕೈಮರದಲ್ಲಿ ಬಸ್ಸು ಹತ್ತಬೇಕಿತ್ತು.

"ನಡೆಯೋದು, ಮಿಷನ್ ತುಳಿಯೋದು, ಎರಡರಲ್ಲಿ ಒಂದು ಬಿಡಿ" ಎಂದರು ಡಾಕ್ಟರು.

ಮಿಷನ್ ಬಿಟ್ಟರೆ ಮನೆಮಂದಿ ತಿನ್ನುವುದೇನನ್ನು? ಬಸ್ಸನ್ನು ತನ್ನ ಗೇಟಿನವರೆಗೆ ಬಿಡಿರೆಂದು ಎಂಟು ತಿಂಗಳು ಅರ್ಜಿ ಹಾಕಿದ. ಊರವರು ಒಬ್ಬರೂ ಸಹಿ ಹಾಕಲಿಲ್ಲ. ಆದರೆ ಡಿಪೋದ ಸಾಹೇಬರ ಜೀಪು ಬಂದ ಬೆಳಿಗ್ಗೆ ಎಲ್ಲರೂ ಇಸ್ತ್ರಿ ಬಟ್ಟೆಯಲ್ಲಿ ಹಾಜರಾಗಿದ್ದರು.

"ರಸ್ತೆ ಪರವಾಗಿಲ್ಲ. ಬಸ್ಸು ತಿರುಗ್ಸೋದೆಲ್ಲಿ?" ಸಾಹೇಬರು ಕೇಳಿದರು.

ಗೇಟಿನ ಒಂದು ಕಡೆ ಗೋಡೆಯಂತೆ ಕಡಿದಾದ ಧರೆ, ಇನ್ನೊಂದು ಕಡೆ ಕಾಫಿ ಇಳಿಜಾರು.

"ಇಲ್ಲೇ ಚೂರು ಮುಂದೆ, ನಮ್ಮ ಕಣದಲ್ಲಿ ತಿರುಗ್ಸಬಹುದು" ಎಂದರು ಮೇಲಿನ ಮನೆಯ ಗಿರಿಜಾಂಬಾ.

ಮಲೆನಾಡಿನಲ್ಲಿ 'ಇಲ್ಲೇ ಚೂರು ಮುಂದೆ' ಎಂದರೆ ಎಷ್ಟು ದೂರವೆಂದು ಬಯಲುಸೀಮೆಯ ಸಾಹೇಬರಿಗೆ ಗೊತ್ತಿರಲಿಲ್ಲ. ಒಂದು ಕಿಲೋಮೀಟರ್ ಹತ್ತಿದ ಮೇಲೆ ಕಣ ಸಿಕ್ಕಿತು. ಅದರ ತುಂಬ ಕಾಫಿ ಹರಡಿತ್ತು.

"ಕಾಫಿ ಮೇಲೆ ಚಕ್ರ ಹತ್ಸಬೇಡಿ ಮತ್ತೆ" ಎಂದರು ಜೀಪಿನಲ್ಲೇ ಬಂದಿದ್ದ ಗಿರಿಜಾಂಬಾ. "ಲಕ್ಕಯ್ಯನ ಅಂಗಳ ಇದೆಯಲ್ಲ, ಇಲ್ಲೇ ಚೂರು ಮುಂದೆ."

ಲಕ್ಕಯ್ಯನ ಅಂಗಳದ ನಡುವೆ ಹಲಸಿನ ಮರ ನಿಂತಿತ್ತು. "ಅಪ್ಪ ನೆಟ್ಟಿದ್ದು ಸಾರ್, ಕಡಿಯಕ್ಕಾಗಲ್ಲ. ಎಸ್ಟೇಟ್ ಲೈನ್ ಮನೆಗಳ ಮೈದಾನ ನೋಡಿ, ಇಲ್ಲೇ ಚೂರು ಮುಂದೆ."

ಜೀಪಿನ ಹಿಂದೆ ಸ್ಟೆಪ್ನಿಗೂ ಲಕ್ಕಯ್ಯನಿಗೂ ನಡುವೆ ಸಿಕ್ಕಿಕೊಂಡಿದ್ದ ಚಂದ್ರಶೇಖರ ಗೋಗರೆದ: "ಸಾರ್, ಅಷ್ಟು ದೂರ ಬೇಡ. ನಮ್ಮ ಗೇಟಿಗೆ ಹಿಮ್ಮುಖ ಬಂದ್ರೂ ಸಾಕು."

"ಸುಮ್ನಿರು ಮಾರಾಯ, ನಿನ್ನ ಕೆಲ್ಸನೇ ಆಗ್ತಿರೋದು" ಎಂದ ಲಕ್ಕಯ್ಯ.

ಮೈದಾನ ವಿಶಾಲವಾಗಿತ್ತು. ಜೀಪು ಕಂಡದ್ದೇ ಲೈನಿನ ಸಾಲುಮನೆಗಳಿಂದ ತೋಟದ ಕೂಲಿ ಜನ ಹೊರಬಂದು, ಕಾಲೇಜಿಗೆ, ಆಸ್ಪತ್ರೆಗೆ, ಮೂಡಿಗೆರೆಯ ಕೆಲಸಕ್ಕೆ ಹೋಗಲು ಬಸ್ಸಿಲ್ಲವೆಂದು ಮುತ್ತಿಕೊಂಡರು. ಪಾಪ, ಅವರದೂ ನ್ಯಾಯವೇ.

"ನಿಮ್ಮೊಬ್ಬರ ಅರ್ಜಿಯಿಂದ ಒಂಬತ್ತು ಕಿಲೋಮೀಟರ್ ರೂಟ್ ಆಯ್ತು ನೋಡಿ. ನಾಳೆಯಿಂದ್ಲೇ ಬಸ್ಸು" ಎಂದು ಸಾಹೇಬರು ಕೈಕುಲುಕಿದರು. ಚಂದ್ರಶೇಖರನ ಕಣ್ಣು ತುಂಬಿಬಂತು. ಅಷ್ಟು ಸಂತೋಷ ಅವನಿಗೆ ಮದುವೆಯಲ್ಲೂ ಆಗಿರಲಿಲ್ಲ.

ಮರುದಿನ ಗೇಟಿನ ಮುಂದೆ ನಿಂತ. ಬಸ್ಸು ಬಂತು. ಬಾಗಿಲಲ್ಲೇ ಆರು ಜನ ನೇತಾಡುತ್ತಿದ್ದರು.

"ಕಾಲಿಡಕ್ಕೆ ಜಾಗ ಇಲ್ಲ ಅಣ್ಣ" ಎಂದ ಕಂಡಕ್ಟರ್.

ಕಿಟಕಿ ಸೀಟಿನಿಂದ ಲಕ್ಕಯ್ಯ ತಲೆ ಹೊರಹಾಕಿದ. "ಲೈನ್ ಮನೆ ಹತ್ರನೇ ಹತ್ತಬೇಕು ಮಾರಾಯ. ನಾನೂ ಅಲ್ಲಿಗೇ ಹೋಗಿ ಹತ್ತಿದ್ದು."

ಮೇಲಿನಿಂದಲೇ ತುಂಬಿ ಬರುವ ಬಸ್ಸು ಕೈಮರದಲ್ಲಂತೂ ಈಗ ನಿಲ್ಲುವುದೇ ಇಲ್ಲ. ಹಾಗಾಗಿ ಚಂದ್ರಶೇಖರ ಕತ್ತಲಿರುವಾಗಲೇ ಎದ್ದು, ಕುಂಟುತ್ತಾ ಏಳು ಕಿಲೋಮೀಟರ್ ಗುಡ್ಡ ಹತ್ತುತ್ತಾನೆ. ಅವನನ್ನು ಕೂರಿಸಿಕೊಂಡ ಬಸ್ಸು ಅರ್ಧ ಗಂಟೆಯ ನಂತರ ಅವನ ಗೇಟಿನ ಮುಂದೆಯೇ ಹಾದುಹೋಗುತ್ತದೆ.