ಐದನೇ ಕ್ಲಾಸಿನ ದೊಡ್ಡವರು

ನಂಜನಗೂಡು, ಟಿ. ನರಸೀಪುರ ಎರಡೂ ಕಡೆ ವರ್ಷಗಟ್ಟಲೆ ಐದನೇ ಕ್ಲಾಸಿಗೆ ಪಾಠ ಮಾಡಿದವಳು ನಾನು. ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಕೆಲವು ಮಕ್ಕಳ ಉದ್ದ, ಅಗಲ, ದನಿ ಎಲ್ಲ ಬದಲಾಗಿರುತ್ತೆ. ಅದು ಅವರ ತಪ್ಪಲ್ಲ. ಆದರೆ ಅದನ್ನು ಕಂಡು ತಲೆ ಕೆಡಿಸಿಕೊಳ್ಳುವ ದೊಡ್ಡವರಿದ್ದಾರಲ್ಲ, ಅವರಿಂದಾಗಿ ನನಗೆ ನಗುವಿಗೆ ಬರ ಬಂದದ್ದೇ ಇಲ್ಲ.

ಬರೀ ಹೊಟ್ಟೆ

ತೊಂಬತ್ತರ ದಶಕ. ನಂಜನಗೂಡಿನ ಶಾಲೆಗೆ ಡಾಕ್ಟರು ಬಂದು ಮಕ್ಕಳ ತೂಕ ನೋಡಿದರು. ಗುಂಡುಗುಂಡಗಿದ್ದ ಹುಡುಗನೊಬ್ಬನ ತಾಯಿಯನ್ನು ಕರೆಸಿದೆವು. ಆಕೆ ಬಂದವಳೇ ನನ್ನ ಕಿವಿಯಲ್ಲಿ, "ತೂಕ ಜೋರಾಗಿ ಹೇಳಬೇಡಿ ಅಂತ ಡಾಕ್ಟರಿಗೆ ಹೇಳಿ ಮಿಸ್, ದೃಷ್ಟಿ ಆಗುತ್ತೆ" ಅಂದಳು.

ಡಾಕ್ಟರು ಮೆಲ್ಲಗೇ ಹೇಳಿದರು: "ಬೇಕರಿ ತಿಂಡಿ ಕಮ್ಮಿ ಮಾಡಿಯಮ್ಮ."

"ಬರೀ ಹೊಟ್ಟೇಲಿ ಮುಟ್ಟಿಸೋದೇ ಇಲ್ಲ ಸಾರ್. ಊಟ ಆದ್ಮೇಲೇ ಕೊಡೋದು."

ಮೀಸೆ

ಅದೇ ಶಾಲೆಯಲ್ಲಿ ಇನ್ನೊಬ್ಬ ಹುಡುಗನಿಗೆ ಹತ್ತು ವರ್ಷಕ್ಕೇ ಮೀಸೆ ಚಿಗುರಿ, ದನಿ ಒಡೆದಿತ್ತು. ಒಂದು ದಿನ ಅವನನ್ನು ಬೋರ್ಡಿನ ಮೇಲೆ ಲೆಕ್ಕ ಬರೆಯಲು ನಿಲ್ಲಿಸಿ, ನಾನು ಸೀಮೆಸುಣ್ಣ ತರಲು ಹೋದೆ. ವಾಪಸ್ಸು ಬರುವಾಗ ಬಾಗಿಲಲ್ಲಿ ಶಾಲಾ ಇನ್ಸ್‌ಪೆಕ್ಟರು. ಹುಡುಗನನ್ನು ಹೊಸ ಮೇಷ್ಟ್ರು ಅಂದುಕೊಂಡು, ಯಾವ ಪಾಠ ಮಾಡುತ್ತಾರೆಂದು ತಿಳಿಯಲು ಗೌರವದಿಂದ ಕೇಳುತ್ತಿದ್ದಾರೆ: "ನೀವು ಏನು ತಗೋತೀರಿ?"

ಇವನು ಗಡಸು ದನಿಯಲ್ಲಿ, "ನಾನೇನೂ ತಗೊಂಡಿಲ್ಲ ಸಾ. ಪಕ್ಕದವನ ಪೆನ್ಸಿಲ್ಲು ಅಲ್ಲೇ ಬೆಂಚಿನ ಕೆಳಗೆ ಬಿದ್ದದೆ" ಅಂದ.

ದೊಡ್ಡೋಳು

ಆಮೇಲೆ ಟಿ. ನರಸೀಪುರಕ್ಕೆ ವರ್ಗವಾಯಿತು. ಅಲ್ಲಿ ಬನ್ನೂರು ಕಡೆಯ ಒಂದು ಹುಡುಗಿ ವಾರಗಟ್ಟಲೆ ಕ್ಲಾಸಿಗೆ ಬರಲಿಲ್ಲ. ಮೈನೆರೆದಿದ್ದಾಳೆ ಅಂತ ಗೊತ್ತಾಗಿ ಅವರ ಮನೆಗೆ ಹೋದೆ. ಆವತ್ತೇ ಆರತಿ. ಮಗುವಿಗೆ ದೊಡ್ಡ ಸೀರೆ ಸುತ್ತಿ ಕೂರಿಸಿದ್ದರು. "ಬ್ರಾಯ್ಲರ್ ಕೋಳಿ ತಿಂದೇ ಇಷ್ಟು ಬೇಗ ಆಗಿದ್ದು ಕಣ್ರೀ" ಎನ್ನುತ್ತಾ ಸೋದರಮಾವ ಎಲ್ಲರಿಗೂ ಅದೇ ಕೋಳಿ ಬಡಿಸುತ್ತಿದ್ದ. ಬಂದ ಹೆಂಗಸರೆಲ್ಲ ಹುಡುಗಿಯ ಬಾಯಿಗೆ ಎಳ್ಳು-ಬೆಲ್ಲದ ಚಿಗಳಿ ಉಂಡೆ ತುರುಕಿ, "ಊದ್ಕೊಂಡವ್ಳೆ" ಎಂದು ಆಡಿಕೊಂಡು ಕೈ ತೊಳೆಯುತ್ತಿದ್ದರು. ಅವಳ ಕಣ್ಣು ತುಂಬಿತ್ತು.

ನಾನು ಅಜ್ಜಿಯನ್ನು ಕೇಳಿದೆ, "ಶಾಲೆಗೆ ಯಾವಾಗ ಕಳಿಸ್ತೀರಿ?"

"ಇನ್ಯಾಕವ್ವ ಇಸ್ಕೂಲು? ದೊಡ್ಡೋಳಾದ್ಲಲ್ಲ."

ಹುಡುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಜ್ಜಿ, ನಾನೀಗ ನಿಜವಾಗ್ಲೂ ದೊಡ್ಡೋಳಾ?"

"ಊಂ ಕಣವ್ವ, ಊರಿಗೇ ಗೊತ್ತು."

"ದೊಡ್ಡೋರು ಹೇಳಿದಂಗೆ ಕೇಳ್ಬೇಕು ಅಂತ ನೀನೇ ಅಂತಿದ್ದೆ. ನಾಳೆ ಇಸ್ಕೂಲಿಗೆ ಓಯ್ತೀನಿ, ಬೇಗ ಎದ್ದು ಡಬ್ಬಿ ಕಟ್ಟು."