ಯಲ್ದೂರಿಗೆ ಆವನಿಯಮ್ಮ, ಆವನಿಗೆ ಯಲ್ದೂರಮ್ಮ

ಸತ್ತವರನ್ನು ಹುಡುಕಿಕೊಂಡು ಹೊರಟರೆ ಬದುಕಿರುವವರ ಕೈಲಿ ಪೇಚಿಗೆ ಸಿಕ್ಕಿಬೀಳುವುದು ತಪ್ಪಿದ್ದಲ್ಲ. ನನಗಂತೂ ಕಳೆದ ಒಂದು ವರ್ಷ ಇದೇ ಆಯಿತು.

ಮಾಲೂರು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಹಾಜರಿ ಕೂಗಿದವಳು ನಾನು. ಒಂದೇ ತರಗತಿಯಲ್ಲಿ ನಾಲ್ಕು ಮಂಜುನಾಥ, ಮೂರು ಮಂಜುಳ ಇದ್ದಾಗಲೂ ಒಬ್ಬರನ್ನೂ ಅದಲುಬದಲು ಮಾಡಿದವಳಲ್ಲ. ಅಂಥವಳಿಗೆ ನನ್ನ ಅಪ್ಪನನ್ನು ಹೆತ್ತ ತಾಯಿಯ ಹೆಸರು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ಗೊತ್ತಾಗಿದ್ದು ನಿವೃತ್ತಿಯಾದ ಮೇಲೆ.

ಅಪ್ಪನಿಗೆ ಈಗ ಎಂಬತ್ತೇಳು. ಅವರಿಗೆ ಎರಡು ವರ್ಷವಿದ್ದಾಗ ತಾಯಿ ತೀರಿಕೊಂಡರು. ತಾತ ಇನ್ನೊಂದು ಮದುವೆಯಾದರು. ಬಂದ ಅಜ್ಜಿ ಅಪ್ಪನನ್ನು ಸ್ವಂತ ಮಗನ ಹಾಗೆ ಸಾಕಿದರು. ಅವರ ಮನಸ್ಸಿಗೆ ನೋವಾಗಬಾರದೆಂದು ಮೊದಲನೆಯವರ ಮಾತನ್ನೇ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ತಾತನಂತೂ ಹೆಂಡತಿ ಬದುಕಿದ್ದಾಗಲೇ ಹೆಸರು ಹಿಡಿದು ಕರೆದವರಲ್ಲ, ಸತ್ತ ಮೇಲೆ ಕರೆಯುತ್ತಾರೆಯೇ? ಫೋಟೊ ಇಲ್ಲ. ತಾಯಿಯ ಕಡೆಯವರ ಓಡಾಟವೂ ನಿಂತುಹೋಯಿತು. ಹೆತ್ತ ತಾಯಿಯ ಹೆಸರು ಏನು ಅಂತ ಊರವರನ್ನು ಕೇಳುವುದಕ್ಕೆ ಅಪ್ಪನಿಗೆ ನಾಚಿಕೆ. ಆ ನಾಚಿಕೆಯಲ್ಲೇ ಎಂಬತ್ತು ವರ್ಷ ಕಳೆದುಹೋಯಿತು.

ಹೋದ ಸಲ ಹಿರಿಯರ ಹಬ್ಬದ ದಿನ ಎಡೆ ಇಟ್ಟು, ಧೂಪ ಹಾಕಿ, ಅಪ್ಪ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ತಾಯಿಯ ಸರದಿ ಬಂದಾಗ ಎಂದಿನಂತೆ "ಅಮ್ಮಾ, ಬಾ" ಅಂದು ಸುಮ್ಮನಾದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಮೇಲೆ ಎಷ್ಟು ಜನ ಅಮ್ಮಂದಿರು ಇದ್ದಾರೋ ಏನೋ. ನಾನು ಬರೀ ಅಮ್ಮಾ ಅಂತೀನಿ. ಕರೆದಿದ್ದು ತನ್ನನ್ನೇ ಅಂತ ಅವಳಿಗೆ ಹೆಂಗಮ್ಮ ಗೊತ್ತಾಗಬೇಕು?"

ನನಗೆ ಮೊದಲು ನಗು ಬಂತು. ಆಮೇಲೆ ಊಟ ಸೇರಲಿಲ್ಲ. ಮುಂದಿನ ಹಬ್ಬದೊಳಗೆ ಆ ಹೆಸರು ತಂದೇ ತರುತ್ತೇನೆ ಅಂತ ಅವತ್ತೇ ತೀರ್ಮಾನ ಮಾಡಿದೆ.

1. ಎರಡು ಊರು

ಮೊದಲು ಅಪ್ಪನ ಹುಟ್ಟೂರು ಯಲ್ದೂರಿಗೆ ಹೋದೆ. ಅಪ್ಪನ ಓರಗೆಯ ಒಬ್ಬ ಹಿರಿಯರು ಮಾವಿನ ತೋಪಿನಲ್ಲಿ ಮಂಚ ಹಾಕಿಕೊಂಡು ಕೂತಿದ್ದರು. ನಮ್ಮಜ್ಜಿಯ ಹೆಸರು ಗೊತ್ತೇ ಅಂತ ಕೇಳಿದ್ದಕ್ಕೆ, ಗೊತ್ತಿಲ್ಲದೆ ಏನು, ನಮ್ಮಮ್ಮ ದಿನಾ ಆಕೆಯ ಮಾತು ಆಡುತ್ತಿದ್ದಳು, ಆವನಿಯಮ್ಮ ಅಂತ, ಅಂದರು. ಆವನಿಯಿಂದ ಬಂದ ಸೊಸೆ, ಅದಕ್ಕೆ ಆವನಿಯಮ್ಮ. ಅದು ಊರಿನ ಹೆಸರಾಯಿತು, ಆಕೆಯ ಹೆಸರೇನು ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಆವನಿಯಮ್ಮನೇ ಕಣಮ್ಮ, ಇನ್ನೇನಿರ್ತದೆ" ಅಂದುಬಿಟ್ಟರು.

ಹುಟ್ಟಿದ ಊರಿನವರಿಗಾದರೂ ಗೊತ್ತಿರಬೇಕಲ್ಲ ಅಂತ ಮುಳಬಾಗಿಲಿನ ಮೇಲೆ ಆವನಿಗೆ ಹೋದೆ. ಅಜ್ಜಿಯ ಅಣ್ಣನ ಮೊಮ್ಮಗ ಸಿಕ್ಕಿದರು. ತುಂಬಾ ಒಳ್ಳೆಯವರು, ಹಿಪ್ಪುನೇರಳೆ ಸೊಪ್ಪು ಕೊಯ್ಯುವುದನ್ನು ಅರ್ಧಕ್ಕೇ ಬಿಟ್ಟು ಬಂದು ಕಾಫಿ ಕೊಟ್ಟರು. ನಮ್ಮ ತಾತ ಸಾಯುವವರೆಗೂ ಆ ತಂಗಿಯನ್ನು ನೆನೆಸಿಕೊಂಡು ಅಳುತ್ತಿದ್ದರು ಅಂದರು. ನಾನು ಪೆನ್ನು ಕೈಗೆ ತೆಗೆದುಕೊಂಡೆ. ಏನಂತ ಹೆಸರು ಹೇಳಿ ಅಳುತ್ತಿದ್ದರು ಅಂತ ಕೇಳಿದೆ.

"ನಮ್ಮ ಯಲ್ದೂರಮ್ಮ ಹೋಗ್ಬಿಟ್ಳಲ್ಲೋ ಅಂತ."

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಯೋಚಿಸಿದೆ. ಈ ಊರಿಗೆ ಅವಳು ಆ ಊರಿನವಳು, ಆ ಊರಿಗೆ ಈ ಊರಿನವಳು. ಪಾಪ, ನಮ್ಮಜ್ಜಿಗೆ ಸ್ವಂತ ಹೆಸರು ಅಂತ ಇದ್ದಿದ್ದು ಎತ್ತಿನ ಗಾಡಿಯಲ್ಲಿ ಎರಡೂರಿನ ನಡುವೆ ಇದ್ದಾಗ ಮಾತ್ರ.

2. ಅರ್ಜಿ

ಹಳೆಯ ಮರಣದ ದಾಖಲೆ ಇದ್ದರೂ ಇರಬಹುದು ಅಂತ ಯಾರೋ ಹೇಳಿದರು. ಒಂದು ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ನನ್ನ ಹಳೆಯ ವಿದ್ಯಾರ್ಥಿ, ಈಗ ತಲೆಯಲ್ಲಿ ನನಗಿಂತ ಹೆಚ್ಚು ಬಿಳಿಕೂದಲು. ನನ್ನನ್ನು ಕಂಡದ್ದೇ ಎದ್ದು ನಿಂತು, ಕುರ್ಚಿ ಕೊಟ್ಟು, ಎಷ್ಟು ಹಳೆಯ ಪುಸ್ತಕವಾದರೂ ಸರಿ ಮಿಸ್, ನಾನೇ ಕೂತು ಹುಡುಕಿಕೊಡ್ತೀನಿ ಅಂದರು. ಒಂದು ಅರ್ಜಿ ತುಂಬಬೇಕಿತ್ತು. ಅದರ ಮೊದಲನೆಯ ಸಾಲೇ ಮೃತರ ಹೆಸರು.

ಅದನ್ನೇ ಹುಡುಕುತ್ತಿರುವುದಪ್ಪ ಅಂದೆ. ಅವರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನಾನೂ ನೋಡಿದೆ. ಕೊನೆಗೆ ತುಂಬಾ ವಿನಯದಿಂದ, "ಮಿಸ್, ಗೊತ್ತಿಲ್ಲದ ಉತ್ತರದ ಜಾಗ ಖಾಲಿ ಬಿಟ್ರೆ ನೀವೇ ಹೊಡೀತಿದ್ರಿ" ಅಂದರು.

3. ರಾಯಲ್ಪಾಡಿನ ಅತ್ತೆ

ಆವನಿಯವರು ಬೀಳ್ಕೊಡುವಾಗ ಒಂದು ಮಾತು ಹೇಳಿದ್ದರು. ನಮ್ಮಜ್ಜಿಯ ಮನೆಯವರ ಪೈಕಿ ಒಬ್ಬ ಹೆಂಗಸು ರಾಯಲ್ಪಾಡಿನಲ್ಲಿ ಇನ್ನೂ ಇದ್ದಾರೆ, ತುಂಬಾ ವಯಸ್ಸಾಗಿದೆ, ಹಳೆಯದೆಲ್ಲ ಅವರಿಗೇ ಗೊತ್ತು, ಆದರೆ ಕನ್ನಡ ಬರುವುದಿಲ್ಲ ಅಂತ. ನನ್ನ ತೆಲುಗು ಸಂತೆಯಲ್ಲಿ ಟೊಮೆಟೊ ಕೊಳ್ಳುವುದಕ್ಕೆ ಸಾಕಾಗುವಷ್ಟು. ಆದರೂ ಧೈರ್ಯ ಮಾಡಿ ಹೊರಟೆ.

ಅವರು ಮನೆ ಮುಂದಿನ ಕಲ್ಲುಬೆಂಚಿಗೆ ಕೋಲೂರಿಕೊಂಡು ಬರುತ್ತಿದ್ದರು. ನಾನು ಯಾರ ಮೊಮ್ಮಗಳು ಅಂತ ಹೇಳಿದ್ದೇ ತಡ, ನನ್ನ ಗಲ್ಲ ಹಿಡಿದು ಅತ್ತರು. ಆಮೇಲೆ, "ಮಾ ಅವ್ವಕು ಇದ್ದರು ಆಡಪಿಲ್ಲಲು, ಪೆದ್ದದಾನ್ನಿ ಯಲ್ದೂರುಕಿಚ್ಚಿರಿ" ಅಂದರು. ಅವ್ವನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳನ್ನು ಯಲ್ದೂರಿಗೆ ಕೊಟ್ಟರು. ಅಂದರೆ ದೊಡ್ಡವಳು ನಮ್ಮಜ್ಜಿ, ಚಿಕ್ಕವಳು ಇವರೇ. ಥಟ್ಟನೆ ಬರೆದುಕೊಂಡೆ.

ಆ ದೊಡ್ಡವರ ಹೆಸರೇನು ಅಂತ ಕೇಳಿದೆ. ಅವರು ಬೆಂಚಿನ ಮೇಲೆ ಕೂತು, "ಅಮ್ಮಯ್ಯ" ಅಂದರು. ನಮ್ಮ ಕಡೆ ತಲೆ ಮೇಲಿನ ಹೊರೆ ಇಳಿಸಿದಾಗ, ಬಸ್ಸಿನಲ್ಲಿ ಸೀಟು ಸಿಕ್ಕಾಗ ಎಲ್ಲರೂ ಬಿಡುವ ನಿಟ್ಟುಸಿರು ಅದು. ಪಾಪ, ನಡೆದು ಸುಸ್ತಾಗಿದೆ ಅಂತ ನನ್ನ ಬಾಟಲಿಯಿಂದ ನೀರು ಕುಡಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಮತ್ತೆ "ಅಮ್ಮಯ್ಯ" ಅಂದರು. ಬೆನ್ನು ನೀವಿದೆ. ಮೂರನೆಯ ಸಲ ಕೇಳಿದಾಗ ಇನ್ನೂ ಜೋರಾಗಿ ಅಮ್ಮಯ್ಯ ಅಂದು ನನ್ನನ್ನೇ ದಿಟ್ಟಿಸಿ ನೋಡಿದರು. ಈ ವಯಸ್ಸಿನವರಿಗೆ ಇಷ್ಟು ಕಾಟ ಕೊಡಬಾರದು ಅನ್ನಿಸಿ, ಮಲಗಿ ವಿಶ್ರಾಂತಿ ತಗೊಳ್ಳಿ ಅಂತ ಕೈಸನ್ನೆ ಮಾಡಿ ಎದ್ದು ಬಂದೆ.

ಹೊರಡುವಾಗ ಅವರ ಸೊಸೆ ಟೊಮೆಟೊ ತೋಟದಿಂದ ಬಂದು ಫೋನ್ ನಂಬರು ಕೊಟ್ಟಳು. ಬಸ್ಸು ಹತ್ತುವಾಗ ನನ್ನ ಕೈಯಲ್ಲಿ ಅವಳು ಕೊಟ್ಟ ಒಂದು ಚೀಲ ಟೊಮೆಟೊ ಇತ್ತು, ಹೆಸರು ಮಾತ್ರ ಇರಲಿಲ್ಲ.

4. ವಂಶವೃಕ್ಷ

ಬರಿಗೈಯಲ್ಲಿ ಅಪ್ಪನ ಎದುರು ಹೋಗುವುದಕ್ಕೆ ಮನಸ್ಸಾಗದೆ, ಗೊತ್ತಾದಷ್ಟನ್ನು ಡ್ರಾಯಿಂಗ್ ಹಾಳೆಯ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದು ಬರೆದೆ. ಅಜ್ಜಿಯ ಜಾಗದಲ್ಲಿ ಒಂದು ಖಾಲಿ ಚೌಕ ಬಿಟ್ಟೆ. ಪಕ್ಕದ ಚೌಕದಲ್ಲಿ ರಾಯಲ್ಪಾಡಿನವರನ್ನು ಕೂರಿಸಿ, ಅವ್ವನಿಗೆ ಇಬ್ಬರು ಹೆಣ್ಣುಮಕ್ಕಳು ಅಂತ ಅವರು ಹೇಳಿದ್ದನ್ನೂ ಕೆಳಗೆ ಬರೆದೆ.

ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಖಾಲಿ ಚೌಕದ ಮೇಲೆ ಅವರ ಬೆರಳು ನಿಂತಿದ್ದನ್ನು ನಾನು ನೋಡಿ, ನೋಡದವಳ ಹಾಗೆ ಇದ್ದೆ. ಆಮೇಲೆ ಬೆರಳು ಪಕ್ಕದ ಚೌಕಕ್ಕೆ ಸರಿಯಿತು.

"ಇವಳನ್ನ ಚಿಕ್ಕವನಿದ್ದಾಗ ಒಂದು ಮದುವೇಲಿ ನೋಡಿದ್ದೀನಿ. ನನಗಿಂತ ಮೂರು ವರ್ಷ ಚಿಕ್ಕೋಳು. ಅವರ ಕಡೆ ಅವ್ವ ಅಂದ್ರೆ ಅಮ್ಮ ಅಲ್ಲ ಕಣಮ್ಮ, ಅಜ್ಜಿ. ತಂಗಿ ಆಗಬೇಕಾದೋಳನ್ನ ನೀನು ನನಗೆ ಚಿಕ್ಕಮ್ಮ ಮಾಡಿ ಕೂರಿಸಿದ್ದೀಯ. ಮೂಗು ಸುರಿಸ್ಕೊಂಡು ಓಡಾಡ್ತಿದ್ದೋಳ ಕಾಲಿಗೆ ಈ ವಯಸ್ಸಲ್ಲಿ ಬೀಳಬೇಕಾ ನಾನು?"

5. ಹೆಸರು

ತಪ್ಪಾದ ಗೆರೆ ತಿದ್ದಬೇಕಲ್ಲ, ಹಬ್ಬಕ್ಕೆ ಎರಡು ದಿನ ಇರುವಾಗ ರಾಯಲ್ಪಾಡಿಗೆ ಫೋನ್ ಮಾಡಿದೆ. ಸೊಸೆ ಎತ್ತಿದಳು. ಅವಳು ಶ್ರೀನಿವಾಸಪುರದಲ್ಲಿ ಓದಿದವಳು, ಕನ್ನಡ ಚೆನ್ನಾಗಿ ಬರುತ್ತದೆ. ಹೌದು, ಯಲ್ದೂರಿಗೆ ಕೊಟ್ಟಿದ್ದು ಅತ್ತೆಯವರ ದೊಡ್ಡಮ್ಮನನ್ನು ಅಂದಳು. ಹಾಗಿದ್ದರೆ ಅವರ ಹೆಸರೊಂದು ಕೇಳಿ ಹೇಳಮ್ಮ ಅಂದೆ. ಅವಳು ಕೂಗಿ ಕೇಳಿದಳು. ಆ ಕಡೆಯಿಂದ ಅದೇ ನಿಟ್ಟುಸಿರು ಕೇಳಿಸಿತು, "ಅಮ್ಮಯ್ಯ."

ಅಯ್ಯೋ, ಇವತ್ತೂ ಸುಸ್ತಾಗಿದೆಯಾ, ಬಿಡು, ಮಲಗಲಿ ಅಂದೆ.

ಅವಳು ಕಿಲಕಿಲ ನಗತೊಡಗಿದಳು. "ಸುಸ್ತೇನೂ ಇಲ್ಲ ಅಕ್ಕ. ಹೆಸರೇ ಅದು, ಅಮ್ಮಯ್ಯಮ್ಮ. ಮನೇಲಿ ಅಮ್ಮಯ್ಯ ಅಂತಿದ್ರಂತೆ. ನೀವು ಬಂದಾಗ ಮೂರು ಸಲ ಹೇಳಿದ್ರಂತೆ, ನೀವು ನೀರು ಕುಡಿಸಿ, ಬೆನ್ನು ಉಜ್ಜಿ, ಮಲಗಿ ಅಂತ ಸನ್ನೆ ಮಾಡಿದ್ರಂತೆ. ಆ ಟೀಚರಮ್ಮನಿಗೆ ಚೆವುಡು, ಪಾಪ, ಅಂತ ಅತ್ತೆ ಅವತ್ತಿಂದ ನಿಮ್ಮ ಕಿವಿಗೆ ಹರಕೆ ಹೊತ್ತಿದ್ದಾರೆ."

ಫೋನ್ ಇಟ್ಟು ಡ್ರಾಯಿಂಗ್ ಹಾಳೆ ಬಿಚ್ಚಿದೆ. ಆಮೇಲೆ ಪೆನ್ನು ತೆಗೆದುಕೊಂಡು ಖಾಲಿ ಚೌಕದಲ್ಲಿ ದುಂಡಗೆ ಬರೆದೆ. ಅಮ್ಮಯ್ಯಮ್ಮ. ಮುಂದೆ ಅಮ್ಮ, ಹಿಂದೆ ಅಮ್ಮ. ಕಣ್ಣು ಮಂಜಾಗಿ ಕೊನೆಯ ಒತ್ತಕ್ಷರ ಸ್ವಲ್ಪ ಸೊಟ್ಟಗಾಯಿತು.

ಅಪ್ಪನಿಗೆ ಹಾಳೆ ತೋರಿಸಿದೆ. ಅವರು ಆ ಹೆಸರನ್ನು ಮೆಲ್ಲಗೆ ಎರಡು ಸಲ ಓದಿದರು, ಹೊಸದಾಗಿ ಅಕ್ಷರ ಕಲಿತವರ ಹಾಗೆ. ಹಾಳೆಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡರು. ಎರಡು ದಿನವೂ ಅದು ಅಲ್ಲೇ ಇತ್ತು.

ಹಬ್ಬದ ದಿನ ಎಡೆ ಇಟ್ಟೆವು. ಅಜ್ಜಿಗೆಂದು ಹಸಿರು ಸೀರೆ, ವಡೆ, ಪಾಯಸ, ಒಂದು ಮುದ್ದೆ. ಅಪ್ಪ ಎಲ್ಲರನ್ನೂ ಕರೆದರು. ತಾಯಿಯ ಸರದಿಗೆ ಬಂದು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಹೆಸರು ಮರೆತುಹೋಯಿತೇನೋ ಅಂತ ನಾನು ಪಕ್ಕದಿಂದ ಹೇಳಿಕೊಡಲು ಹೋದೆ.

"ಗೊತ್ತಮ್ಮ, ಗೊತ್ತು," ಅಂದರು. "ಎಂಬತ್ತು ವರ್ಷದಿಂದ ಅಮ್ಮಾ ಬಾ, ಅಮ್ಮಾ ಬಾ ಅಂತ ಕೂಗಿದ್ದೀನಿ. ಅವಳಿಗೆ ಅದು ತನ್ನ ಹೆಸರಂಗೇ ಕೇಳಿಸಿರ್ತದೆ. ಅಂದ್ರೆ ಪ್ರತಿ ವರ್ಷವೂ ಬಂದಿದ್ದಾಳೆ."

ನಾನು ತಲೆಯಾಡಿಸಿದೆ. ಅಪ್ಪ ಧೂಪದ ಹೊಗೆಯ ಕಡೆ ನೋಡುತ್ತಾ ನಗತೊಡಗಿದರು, ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು.

"ಬಂದೋಳು ಸುಮ್ಮನೆ ಉಂಡಿರಲ್ಲ ಕಣಮ್ಮ. ಹೆತ್ತೋಳನ್ನೇ ಹೆಸರು ಹಿಡ್ದು ಕೂಗ್ತಾನಲ್ಲ, ಯಾವನೋ ಇವ್ನು ನನ್ಮಗ ಅಂತ ಬೈದಿರ್ತಾಳೆ. ಬೈಲಿ ಬಿಡು. ಬೇರೆಯವರು ಅಂದ್ರೆ ಅದು ಬೈಗುಳ. ಅವಳು ಅಂದ್ರೆ ನಿಜ."